ಟ್ಯಾಬ್ ಒತ್ತಿದರೆ ಟರ್ಮಿನಲ್ ಯಾಕೆ ನಿಂತುಬಿಡುತ್ತದೆ?

ಡಬ್ಲ್ಯುಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ವ್ಯವಸ್ಥೆ) ಉಬುಂಟು ಲಿನಕ್ಸ್, ಅದರ ಬ್ಯಾಷ್‌ನಲ್ಲಿ (ಟರ್ಮಿನಲ್‌ನಲ್ಲಿ ಬರೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಎರಡಕ್ಷರ ಬರೆದು, ಉಳಿದದ್ದು ತಾನೇ ತುಂಬಲೆಂದು ಟ್ಯಾಬ್ ಒತ್ತಿದರೆ ನಾಲ್ಕೈದು ಸೆಕೆಂಡು ಕಾಯಬೇಕು, ಆದರೆ ಫೈಲ್ ಹೆಸರು ಮಾತ್ರ ತಕ್ಷಣ ಬರುತ್ತದೆ ಅಂದಿರಿ, ಅಲ್ವಾ? ಆ ಕೊನೆಯ ಮಾತಿನಲ್ಲೇ ಸುಳಿವಿದೆ.

ಸಾಲಿನ ಮೊದಲ ಪದಕ್ಕೆ ಟ್ಯಾಬ್ ಒತ್ತಿದರೆ ಬ್ಯಾಷ್ ಕಮಾಂಡ್ ಹುಡುಕುತ್ತದೆ. ಪಾತ್‌ನಲ್ಲಿರುವ, ಅಂದರೆ ಕಮಾಂಡ್ ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿಯಲ್ಲಿರುವ, ಒಂದೊಂದು ಫೋಲ್ಡರನ್ನೂ ತಡಕುತ್ತದೆ. ಡಬ್ಲ್ಯುಎಸ್‌ಎಲ್ ಸುಮ್ನೆ ಇರದೆ ವಿಂಡೋಸಿನ ಪಾತನ್ನೂ ಅದರ ಬಾಲಕ್ಕೆ ಕಟ್ಟಿರುತ್ತದೆ. ಅದರಲ್ಲಿನ ಸಿಸ್ಟಮ್32 ಫೋಲ್ಡರ್ ಒಂದರಲ್ಲೇ ಸಾವಿರಾರು ಫೈಲ್. ಲಿನಕ್ಸ್ ಕಡೆಯಿಂದ ಸಿ ಡ್ರೈವ್ ಓದುವುದು ಮೊದಲೇ ನಿಧಾನ.

ಖಾತ್ರಿ ಮಾಡಿಕೊಳ್ಳಲು ಒಂದು ಟರ್ಮಿನಲ್‌ನಲ್ಲಿ ಪಾತ್‌ಗೆ ಯುಎಸ್‌ಆರ್ ಬಿನ್ ಫೋಲ್ಡರ್ ಮಾತ್ರ ಕೊಟ್ಟು ಟ್ಯಾಬ್ ಒತ್ತಿ. ಥಟ್ಟನೆ ಬಂತೇ? ಕಳ್ಳ ಸಿಕ್ಕ. ಆ ಕಿಟಕಿ ಮುಚ್ಚಿದರೆ ಪಾತ್ ಮೊದಲಿನಂತಾಗುತ್ತದೆ, ಹೆದರಬೇಡಿ.

ಈಗ ಇಟಿಸಿ ಫೋಲ್ಡರಿನ ಡಬ್ಲ್ಯುಎಸ್‌ಎಲ್ ಡಾಟ್ ಕಾನ್ಫ್ ಫೈಲನ್ನು ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ತೆರೆಯಿರಿ. ಇಲ್ಲದಿದ್ದರೆ ಹೊಸದಾಗಿ ಮಾಡಿ. ಚೌಕ ಬ್ರಾಕೆಟ್ಟಿನಲ್ಲಿ ಇಂಟರಾಪ್, ಅದರ ಕೆಳಗೆ ಅಪೆಂಡ್‌ವಿಂಡೋಸ್‌ಪಾತ್ = ಫಾಲ್ಸ್. ಮೂರೂ ಪದ ಒಟ್ಟಿಗೆ, ಡಬ್ಲ್ಯು ಮತ್ತು ಪಿ ಮಾತ್ರ ದೊಡ್ಡಕ್ಷರ. ಆಮೇಲೆ ಪವರ್‌ಶೆಲ್‌ನಿಂದ ಡಬ್ಲ್ಯುಎಸ್‌ಎಲ್‌ಗೆ ಶಟ್‌ಡೌನ್ ಕೊಡಲೇಬೇಕು. ನಾನು ಬರೀ ಟರ್ಮಿನಲ್ ಮುಚ್ಚಿ ತೆರೆದು, ಏನೂ ಬದಲಾಗಲಿಲ್ಲವೆಂದು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ!

ಒಂದು ತೊಡಕಿದೆ. ವಿಎಸ್ ಕೋಡ್ ಎಡಿಟರ್ ತೆರೆಯುವ 'ಕೋಡ್' ಕಮಾಂಡ್ ಸಿಗದೇ ಹೋಗಬಹುದು. ಅದರ ಫೋಲ್ಡರ್ ಒಂದನ್ನೇ ಬ್ಯಾಷ್‌ಆರ್‌ಸಿಯಲ್ಲಿ (ಬ್ಯಾಷ್ ಶುರುವಾಗುವಾಗ ಓದುವ ಫೈಲ್) ಪಾತ್‌ಗೆ ಸೇರಿಸಿಕೊಳ್ಳಿ.

ಗಿಟ್‌ನ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಬ್ರಾಂಚ್ ಹೆಸರುಗಳೂ ನಿಧಾನ ಅಂದಿದ್ದೀರಿ, ಅದು ಬೇರೆ ಕಥೆ. ಪ್ರಾಜೆಕ್ಟ್ ಸಿ ಡ್ರೈವ್‌ನಲ್ಲಿದ್ದರೆ ಉಬುಂಟುವಿನ ಹೋಮ್ ಫೋಲ್ಡರಿಗೆ ಕ್ಲೋನ್ ಮಾಡಿ ನೋಡಿ.