ಖಾಲಿ ರಟ್ಟಿನ ಪೆಟ್ಟಿಗೆಗೆ ಯಾರಾದರೂ ಅಳುವುದುಂಟಾ?

ಏಪ್ರಿಲ್ ಕೊನೆಯ ವಾರ. ಅಮ್ಮ ಮಗಳು ಇಬ್ಬರೂ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು. ಉಡುಪಿಯ ಸೆಕೆ ಗೊತ್ತಲ್ಲ, ಫ್ಯಾನ್ ತಿರುಗಿದಷ್ಟೂ ಬಿಸಿ ಗಾಳಿ. ಮಗಳು ಕೂರುವ ಮೊದಲೇ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. "ನೋಡಿ ಮೇಡಂ, ನಮ್ಮ ಉಪ್ಪರಿಗೆ ಹೀಗಿತ್ತು. ಇದಕ್ಕೆ ಎಂತದೋ ಕಾಯಿಲೆ ಅಂತ ಹೆಸರುಂಟಂತೆ, ಯೂಟ್ಯೂಬಲ್ಲಿ ನೋಡಿದೆ. ಅಮ್ಮನಿಗೆ ಅದೇ."

ಅಮ್ಮ ಹಿಂದಿನ ಕುರ್ಚಿಯಲ್ಲಿ ಕೂತು ಕಿಟಕಿ ನೋಡುತ್ತಿದ್ದರು.

(ಹೆಸರು, ಊರು, ಒಂದೆರಡು ವಿವರ ಬದಲಿಸಿದ್ದೇನೆ. ಇಬ್ಬರೂ ಬರೆಯಲು ಒಪ್ಪಿದ್ದಾರೆ.)

ಅಮ್ಮನನ್ನು ವಾರಿಜಕ್ಕ ಅನ್ನೋಣ. ವಯಸ್ಸು 61. ಕಾಪು ಕಡೆ ಹಂಚಿನ ಮನೆ. ಗಂಡ 24 ವರ್ಷ ಕುವೈತಿನಲ್ಲಿ ದುಡಿದು ಊರಿಗೆ ಬಂದವರು, ಮೂರು ವರ್ಷದ ಹಿಂದೆ ತೀರಿಕೊಂಡರು. ಮಗಳು ಪ್ರಜ್ಞಾ ಬೆಂಗಳೂರಿನಲ್ಲಿ ಇರುವುದು. ಬಿಸು ಹಬ್ಬಕ್ಕೆ, ಅಂದರೆ ತುಳುವರ ಹೊಸ ವರ್ಷಕ್ಕೆ, ಮಗನನ್ನು ಕರೆದುಕೊಂಡು ಬಂದಿದ್ದರು. ಹಬ್ಬ ಮುಗಿದ ಮೇಲೆ ಅಮ್ಮ ತಂಗಿಯ ಮನೆಯ ಭೂತಕೋಲಕ್ಕೆ ಅಂತ ಎರಡು ದಿನ ಹೋದರು. ಅಷ್ಟರಲ್ಲಿ ಮಗಳು ಇಬ್ಬರು ಆಳುಗಳನ್ನೂ ಒಂದು ಟೆಂಪೋವನ್ನೂ ಕರೆಸಿ, ಉಪ್ಪರಿಗೆ ಪೂರ್ತಿ ಖಾಲಿ ಮಾಡಿಸಿ, 17 ಗೋಣಿ ಗುಜರಿಗೆ ಹಾಕಿ, ನೆಲ ಒರೆಸಿ, ಫಿನಾಯಿಲ್ ಹಾಕಿ, ಅಮ್ಮ ಬಂದು ಖುಷಿಪಡುತ್ತಾರೆ ಅಂತ ಕಾಯುತ್ತಾ ಕೂತರು.

ವಾರಿಜಕ್ಕ ಬಂದರು. ಮೆಟ್ಟಿಲು ಹತ್ತಿ ನೋಡಿದರು. ಇಳಿದು ಬಂದು ಗಂಜಿ ಬೇಡ ಅಂದರು. ಅಲ್ಲಿಂದ ಒಂಬತ್ತು ದಿನ ಮಗಳ ಹತ್ತಿರ ಮಾತಿಲ್ಲ.

ನಾನೂ ಮೊದಲ ದಿನ ಒಂದು ತಪ್ಪು ಮಾಡಿದೆ. ಮಗಳು ತೋರಿಸಿದ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದೆ, ಅಮ್ಮನ ಎದುರೇ. ಅವರ ಮನೆಯ ಒಳಗನ್ನು ಅವರನ್ನು ಕೇಳದೆ ನೋಡಿದ ಎರಡನೆಯವಳು ನಾನಾದೆ. ಮೊಬೈಲ್ ವಾಪಸ್ ಕೊಟ್ಟು, "ವಾರಿಜಕ್ಕ, ನಿಮ್ಮನ್ನು ಕೇಳಿ ನೋಡಬೇಕಿತ್ತು" ಅಂದೆ. ಆಗ ಈ ಕಡೆ ತಿರುಗಿದರು.

ಬಿಸಾಡಲಾಗದೆ ಕೂಡಿಡುವ ಕಾಯಿಲೆ ಒಂದು ಇರುವುದು ನಿಜ. ಮೊದಲು ಅದನ್ನು ಗೀಳು ಕಾಯಿಲೆಯ ಜೊತೆ ಸೇರಿಸುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಅದನ್ನು ಬೇರೆಯೇ ಕಾಯಿಲೆ ಎಂದಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲೂ ಅದಕ್ಕೆ ಪ್ರತ್ಯೇಕ ಜಾಗ ಇದೆ. ಆದರೆ ಹೆಸರು ಅಂಟಿಸುವ ಮೊದಲು ಕೇಳಬೇಕಾದ್ದು ತುಂಬಾ ಸಾದಾ ಪ್ರಶ್ನೆಗಳು. ಮಂಚದ ಮೇಲೆ ಮಲಗಲು ಜಾಗ ಉಂಟಾ? ಒಲೆ ಉರಿಸಲಿಕ್ಕೆ ಆಗುತ್ತದಾ? ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಕಾಲಿಗೆ ಏನಾದರೂ ಸಿಗುತ್ತದಾ? ಅಡುಗೆಮನೆ, ಚಾವಡಿ, ಮಲಗುವ ಕೋಣೆ ಎಲ್ಲ ಚೊಕ್ಕವಾಗಿದೆ ಅಂತ ಮಗಳೇ ಒಪ್ಪಿಕೊಂಡರು. ತುಂಬಿದ್ದು ಉಪ್ಪರಿಗೆ ಮತ್ತು ಹಿಂದಿನ ಚಾವಣಿ ಮಾತ್ರ. ಆ ಲೆಕ್ಕ ಹಿಡಿದರೆ ಕರಾವಳಿಯ ಅರ್ಧ ಮನೆಗಳಿಗೆ ಕಾಯಿಲೆ ಬಂತು, ಅಲ್ವಾ?

ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಕೂಡಿಡಲು ಶುರು ಮಾಡಿದರೆ ನೆನಪಿನ ಶಕ್ತಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು, ಹಾಗಾಗಿ ಆ ಬಗ್ಗೆಯೂ ಕೇಳಿದೆ. ಯಾವ ಭರಣಿಯಲ್ಲಿ ಯಾವ ವರ್ಷದ ಮಿಡಿ ಉಂಟು, ಉಪ್ಪು ಯಾವುದಕ್ಕೆ ಕಮ್ಮಿ ಬಿದ್ದಿತ್ತು ಅಂತ ಪಟಪಟ ಹೇಳಿದರು. ನನ್ನ ಮರೆವೇ ಜಾಸ್ತಿ ಅನ್ನಿಸಿತು.

ಎರಡನೇ ಸಲ ಒಬ್ಬರನ್ನೇ ಕರೆದೆ. "ಹೋದದ್ದರಲ್ಲಿ ಯಾವುದು ಬೇಕಿತ್ತು?" ಅಂತ ಕೇಳಿದೆ. ಹಿತ್ತಾಳೆ ಹಂಡೆ ಇರಬಹುದು, ಸೀರೆ ಇರಬಹುದು ಅಂತ ನನ್ನ ಊಹೆ.

"ಪೆಟ್ಟಿಗೆ. ರಟ್ಟಿನ ಪೆಟ್ಟಿಗೆ. ಐದು ಇತ್ತು."

"ಒಳಗೆ ಎಂತ ಇತ್ತು?"

"ಎಂತದೂ ಇಲ್ಲ ಮೇಡಂ. ಖಾಲಿ."

2006ರವರೆಗೆ ಮಂಗಳೂರಿಗೆ ಗಲ್ಫಿನಿಂದ ನೇರ ವಿಮಾನ ಇರಲಿಲ್ಲ. ಬೊಂಬಾಯಿಯಲ್ಲಿ ಇಳಿದು ಬಸ್ಸು ಹತ್ತಬೇಕು. ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ. ಅದಕ್ಕೆ ಗಂಡ ನೈಲಾನ್ ಹಗ್ಗ ಎರಡು ಸುತ್ತು ಬಿಗಿದು, ನಾಲ್ಕೂ ಬದಿಗೆ ದಪ್ಪ ಮಾರ್ಕರಲ್ಲಿ ಹೆಸರು, ಮನೆಯ ಹೆಸರು, ಅಂಚೆ, ತಾಲೂಕು ಬರೆಯುತ್ತಿದ್ದರಂತೆ. "ಅವರು ಕಾಗದ ಬರೆಯುವ ಜನ ಅಲ್ಲ. ವಾರಕ್ಕೊಮ್ಮೆ ಫೋನು, ಅಷ್ಟೇ. ಅವರ ಅಕ್ಷರ ಅಂತ ಇದ್ದದ್ದು ಆ ಪೆಟ್ಟಿಗೆಯ ಮೇಲೆ. ಅದರಲ್ಲೂ ನನ್ನ ಹೆಸರು. ವಾರಿಜದ 'ಜ' ಯಾವಾಗಲೂ ದೊಡ್ಡದು ಬರೆಯುವುದು."

ಮಗಳಿಗೆ ಇದು ಗೊತ್ತೇ ಇರಲಿಲ್ಲ. ಆಮೇಲೆ ಇಬ್ಬರನ್ನೂ ಕೂರಿಸಿದಾಗ ಅವರು ಮೊದಲು ಹೇಳಿದ್ದೇ, "ಖಾಲಿ ರಟ್ಟಿನ ಪೆಟ್ಟಿಗೆಗೆ ಯಾರಾದರೂ ಅಳುವುದುಂಟಾ ಅಂತ ನಾನು ಅಂದಿದ್ದೆ, ಮೇಡಂ." ಗುಜರಿ ಅಂಗಡಿಗೆ ಹೋಗಿ ಹುಡುಕಿಯೂ ಬಂದಿದ್ದರು. ಲೋಡು ಹೋಗಿಯಾಗಿತ್ತು.

ಮಗಳಿಗೆ ನಾನು ಹೇಳಿದ್ದು ಒಂದೇ ಮಾತು. ಕ್ಷಮೆ ಕೇಳಿ, ಅದರ ಹಿಂದೆ "ಆದರೆ" ಬೇಡ. "ಆದರೆ ಒರಲೆ ಹಿಡಿದಿತ್ತು", "ಆದರೆ ಮಗುವಿಗೆ ಕೆಮ್ಮು" ಇವೆಲ್ಲ ನಿಜವೇ, ಮುಂದಿನ ತಿಂಗಳು ಹೇಳಿ. ಅವರು ಅಲ್ಲೇ ಕೇಳಿದರು. ವಾರಿಜಕ್ಕ "ಆಯ್ತು ಬಿಡು" ಅಂದರು. ಮನಸ್ಸಿನಿಂದ ಬಂತೋ ಇಲ್ಲವೋ ಗೊತ್ತಿಲ್ಲ, ಆದರೆ ಹತ್ತನೇ ದಿನ ಮಗಳಿಗೆ ಹೇಳಿದ ಮೊದಲ ಮಾತು ಅದು.

ಇನ್ನು ಕೆಲಸದ ಮಾತು. ಮಳೆಗೆ ಐದು ವಾರ ಇತ್ತು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಲ್ಲಿ ಹಳೆ ಬಟ್ಟೆ, ಪೇಪರು ಜೂನ್ ದಾಟಿದರೆ ಬೂಷ್ಟು ಹಿಡಿಯುವುದೇ. ಹಾಗಾಗಿ ಸುಮ್ನೆ ಬಿಡುವ ಹಾಗೂ ಇರಲಿಲ್ಲ. ಗಡುವು ಹಾಕಿದ್ದು ಹಿಂದಿನ ಚಾವಣಿಗೆ ಮಾತ್ರ. ಅಲ್ಲಿ ಒಡೆದ ಬಕೆಟು, ಟಯರು, ಬಾಯಿ ಮುರಿದ ಭರಣಿಗಳಿದ್ದವು. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರ, ಹತ್ತು ದಿನ ಸಾಕು. ನೀರು ಒಣಗಿದ ಮೇಲೂ ಪಾತ್ರೆಯ ಬದಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಇಟ್ಟುಕೊಳ್ಳುವ ಭರಣಿಯನ್ನು ಬರೀ ಕವುಚಿ ಹಾಕಿದರೆ ಸಾಲದು, ಉಜ್ಜಿ ತೊಳೆದೇ ಕವುಚಬೇಕು.

ಮನೆಯೊಳಗೆ ಉಳಿದ ಸಾಮಾನಿಗೆ ಬೇರೆ ಕ್ರಮ. ಬೆಳಿಗ್ಗೆ ಕಾಫಿ ಆದ ಮೇಲೆ ಇಪ್ಪತ್ತು ನಿಮಿಷ, ಜಾಸ್ತಿ ಬೇಡ. ವಸ್ತುವನ್ನು ಕೈಗೆತ್ತಿಕೊಳ್ಳುವವರು ವಾರಿಜಕ್ಕ. ಮಗಳು ಗೋಣಿಯ ಬಾಯಿ ಹಿಡಿಯುವುದು ಮಾತ್ರ, "ಇದು ಯಾಕೆ?" ಅಂತ ಕೇಳುವ ಹಾಗಿಲ್ಲ. ನೆನಪು ಅಂಟದ ಸಾಮಾನಿನಿಂದ ಶುರು: ಪ್ಲಾಸ್ಟಿಕ್ ಕವರು, ಹಳೆ ಪೇಪರು, ಕೆಟ್ಟ ಮಿಕ್ಸಿ. ಗಂಡನ ಔಷಧದ ಡಬ್ಬ ಮಗುವಿನ ಕೈಗೆ ಸಿಗುವ ಮೊದಲು ತೆಗೆಯಬೇಕು. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಕಸದವರಿಗೆ ಹೇಳಿ ಬೇರೆಯೇ ಕೊಡಬೇಕು. "ಆಮೇಲೆ ನೋಡುವ" ಅನ್ನುವ ಸಾಮಾನಿಗೆ ಒಂದೇ ಬುಟ್ಟಿ. ಅದು ತುಂಬಿದರೆ ಆ ದಿನದ ಕೆಲಸ ಬಂದ್. ಗಂಡನ ಸಾಮಾನುಗಳಿಗೆ ಕಬ್ಬಿಣದ ಟ್ರಂಕು ಒಂದು, ಅದರ ಬೀಗದ ಕೈ ಅಮ್ಮನ ಹತ್ತಿರ. ಗುಜರಿಯವನ ಹತ್ತಿರ ಚೌಕಾಸಿ ಮಾಡುವುದೂ ಅವರೇ, ದುಡ್ಡೂ ಅವರದ್ದೇ.

ಕೆಲವರಿಗೆ ಇಷ್ಟು ಸಾಕಾಗುವುದಿಲ್ಲ. ಒಂದು ಖಾಲಿ ಬಾಟಲಿ ಬಿಡಲಿಕ್ಕೂ ಕೈ ನಡುಗುತ್ತದೆ, ಮಂಚ ಒಲೆ ಎಲ್ಲ ಮುಚ್ಚಿ ಹೋಗಿರುತ್ತದೆ ಅಂತಾದರೆ ಮನೋವೈದ್ಯರಿಗೇ ತೋರಿಸಿ. ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮೇ ಕೊನೆಗೆ ಇಬ್ಬರೂ ಬಂದಿದ್ದರು. ಮೋಡ ಕಟ್ಟಿತ್ತು. ಪೇಪರಿಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಗಿಟ್ಟಿಸಿದ ಕತೆಯನ್ನು ವಾರಿಜಕ್ಕ ಕಾಲು ಗಂಟೆ ಹೇಳಿದರು. ಪೆಟ್ಟಿಗೆ ಸಿಗಲಿಲ್ಲ, ಸಿಗುವುದೂ ಇಲ್ಲ. ಹಗ್ಗ ಉಂಟು. ಹಿಂದಿನ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದದ್ದು ಅದೇ ನೈಲಾನ್ ಹಗ್ಗದ ಮೇಲೆ ಅಂತ ಪ್ರಜ್ಞಾಗೆ ಈಗ ಗೊತ್ತಾದದ್ದು. ಬಿಸಿಲಿಗೆ ಬಣ್ಣ ಹೋಗಿ ಬೆಳ್ಳಗಾಗಿದೆ, ಒಂದು ತುದಿಯಲ್ಲಿ ಅಪ್ಪ ಹಾಕಿದ ಗಂಟು ಇನ್ನೂ ಹಾಗೇ ಇದೆ.

ಅಪ್ಪನ ಅಂಗಿಗಳ ಕಪಾಟನ್ನು ಇನ್ನೂ ತೆರೆದಿಲ್ಲ. ಅದನ್ನು ಯಾವಾಗ ಅಂತ ಮಗಳು ಬಾಗಿಲ ಹತ್ತಿರ ಮೆಲ್ಲಗೆ ಕೇಳಿದರು. ಮಳೆಗಾಲ ಕಳೆಯಲಿ ಅಂದೆ. ಒಳಗೆ ಕರ್ಪೂರದ ಗುಳಿಗೆ ಹಾಕಿಡಲಿಕ್ಕಾದರೂ ಅಮ್ಮನನ್ನು ಕೇಳಿಯೇ ಹಾಕಿ ಅಂದೆ.