ದಯಾ ಒದ್ದ ಬಾಗಿಲು, ಸಾಳುಂಖೆ ಹೇಳಿದ ಹೊತ್ತು

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ‘ಸಿಐಡಿ’ ಧಾರಾವಾಹಿ

ಮುಂಬೈ ಪೊಲೀಸ್ ತಂಡವೊಂದರ ಅಪರಾಧ ತನಿಖೆಯ ಕಥೆಗಳ ಹಿಂದಿ ಧಾರಾವಾಹಿ ‘ಸಿಐಡಿ’ (ಅಪರಾಧ ತನಿಖಾ ಇಲಾಖೆ) ಬಗ್ಗೆ ಕೇಳಬೇಕೆನಿಸಿದ್ದನ್ನು ಬರೆದು ಕಳಿಸಿ ಎಂದಿದ್ದೆವು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ನಮ್ಮ ಮನ್ಯಾಗ ಹಿರಿಯರೆಲ್ಲ ಸಿಐಡಿ ನೋಡಿ ಬೆಳೆದವರು. ನಾ ಈಗ ಹೊಸದಾಗಿ ಸುರು ಮಾಡಬೇಕಂತೀನಿ. ಒಂದೂವರೆ ಸಾವಿರ ಕಂತು ಅವ ಅಂತಾರ. ಎಲ್ಲಿಂದ ಹಿಡೀಲಿ?
— ಓದುಗರು, ಚಿತ್ತಾಪುರ

ಮೊದಲ ಓಟದ ಕಂತುಗಳು 1547. ಸೋನಿ ವಾಹಿನಿಯಲ್ಲಿ 1998ರ ಜನವರಿ 21ಕ್ಕೆ ಶುರುವಾಗಿ 2018ರ ಅಕ್ಟೋಬರ್ 27ಕ್ಕೆ ನಿಂತಿತು. ಆರು ವರ್ಷದ ಬಿಡುವಿನ ಮೇಲೆ 2024ರ ಡಿಸೆಂಬರ್ 21ರಂದು ಮತ್ತೆ ತೆರೆಗೆ ಬಂತು.

ಒಂದನೇ ಕಂತಿನಿಂದ ಸಾಲಾಗಿ ಹಿಡಿದವರು ಬಹಳಷ್ಟು ಜನ ನಡುವೆ ಕೈಬಿಡುತ್ತಾರೆ. ಆರಂಭದ ವರ್ಷಗಳಲ್ಲಿ ಒಂದು ಪ್ರಕರಣ ಎರಡು ಕಂತಿಗೆ ಹರಡಿಕೊಳ್ಳುತ್ತಿತ್ತು. ನಡಿಗೆ ನಿಧಾನ, ಚಿತ್ರವೂ ಮಸುಕು. ಕೊನೆಯ ವರ್ಷಗಳಿಂದ ಶುರು ಮಾಡುವುದಂತೂ ಬೇಡವೇ ಬೇಡ. ಅಲ್ಲಿ ಕೆಲವು ಕಥೆಗಳು ಅತಿಗೆ ಹೋಗಿವೆ, ಹೊಸಬರು ಸಿಐಡಿ ಅಂದರೆ ಇಷ್ಟೇ ಎಂದುಕೊಂಡುಬಿಡುತ್ತಾರೆ. 2005ರಿಂದ 2010ರ ಆಸುಪಾಸಿನ, ಒಂದೇ ಕಂತಿನಲ್ಲಿ ಮುಗಿಯುವ ಪ್ರಕರಣಗಳನ್ನು ಹತ್ತು ಹನ್ನೆರಡು ನೋಡಿ. ಆ ವೇಳೆಗೆ ತಂಡದ ಮುಖ್ಯಸ್ಥ ಎಸಿಪಿ, ಅಂದರೆ ಸಹಾಯಕ ಪೊಲೀಸ್ ಕಮಿಷನರ್, ಪ್ರದ್ಯುಮನ್ (ಶಿವಾಜಿ ಸಾಟಂ), ಅಭಿಜೀತ್ (ಆದಿತ್ಯ ಶ್ರೀವಾಸ್ತವ), ದಯಾ (ದಯಾನಂದ ಶೆಟ್ಟಿ), ಫ್ರೆಡ್ರಿಕ್ಸ್ (ದಿನೇಶ್ ಫಡ್ನಿಸ್), ಲ್ಯಾಬಿನ ತಜ್ಞ ಡಾ. ಸಾಳುಂಖೆ (ನರೇಂದ್ರ ಗುಪ್ತಾ) ಒಬ್ಬರಿಗೊಬ್ಬರು ಹದವಾಗಿ ಕೂಡಿಕೊಂಡಿದ್ದರು. ಒಬ್ಬರು ಮಾತು ಅರ್ಧಕ್ಕೆ ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುವ ಆ ಜೊತೆಗಾರಿಕೆಯೇ ಈ ಧಾರಾವಾಹಿಯ ಜೀವಾಳ. ಅದು ಹಿಡಿಸಿತೆಂದರೆ ಆಮೇಲೆ ಹಿಂದಕ್ಕೆ, ಆರಂಭದ ವರ್ಷಗಳ ಕಂತುಗಳಿಗೆ ಹೋಗಿ. ತಪ್ಪು ದಾರಿ ಹಿಡಿದ ಮಗ ನಕುಲನ ಮೇಲೆ ಎಸಿಪಿಯೇ ಗುಂಡು ಹಾರಿಸುವ ಕಥೆ ಅಲ್ಲಿದೆ. ಅದನ್ನು ನೋಡಿದ ಮೇಲೆ ಪ್ರದ್ಯುಮನ್ ಯಾಕೆ ಅಷ್ಟು ಕಡಿಮೆ ನಗುತ್ತಾರೆ ಎಂಬುದು ತಿಳಿಯುತ್ತದೆ. ಹಳೆಯ ಕಂತುಗಳು ಸೋನಿ ಲಿವ್‌ನಲ್ಲೂ ಯೂಟ್ಯೂಬ್‌ನಲ್ಲೂ ಸಿಗುತ್ತವೆ.

ಇನ್ನೊಂದನ್ನು ಬಿಡಬೇಡಿ: 2004ರಲ್ಲಿ ಪ್ರಸಾರವಾದ 111 ನಿಮಿಷದ ವಿಶೇಷ ಕಂತು. ಒಂದೂ ಕಟ್ ಇಲ್ಲ, ಇಡೀ ಕಥೆ ಒಂದೇ ಶಾಟ್. ಗಿನ್ನೆಸ್, ಲಿಮ್ಕಾ ಎರಡೂ ದಾಖಲೆ ಪುಸ್ತಕಗಳಿಗೆ ಸೇರಿತು. ಇದನ್ನು ನೋಡುವಾಗ ಕಥೆಯ ಜೊತೆಗೆ ಕ್ಯಾಮೆರಾ ಬಾಗಿಲು ದಾಟುವ ಕ್ಷಣಗಳನ್ನು ಗಮನಿಸಿ. ಲೈಟು, ಮೈಕು, ಕ್ಯಾಮೆರಾದ ನೆರಳು ಯಾವುದೂ ಕಣ್ಣಿಗೆ ಬೀಳುವಂತಿಲ್ಲ. ನೂರನೇ ನಿಮಿಷದಲ್ಲಿ ಒಬ್ಬರು ಮಾತು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಧಾರಾವಾಹಿಯ ಸೃಷ್ಟಿಕರ್ತ ಬಿ.ಪಿ. ಸಿಂಗ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಛಾಯಾಗ್ರಹಣ ಕಲಿತು ದೂರದರ್ಶನದಲ್ಲಿ ಕ್ಯಾಮೆರಾ ಹಿಡಿದವರು. ಇಂಥ ಸಾಹಸಕ್ಕೆ ಕೈಹಾಕುವ ಧೈರ್ಯ ಬಂದದ್ದು ಆ ಪಳಗಿದ ಕೈಯಿಂದಲೇ.

‘ದಯಾ, ದರ್ವಾಜಾ ತೋಡ್ ದೋ’ ಅಂತ ಎಸಿಪಿ ಹೇಳಿದ ಕೂಡ್ಲೇ ಬಾಗಿಲು ಮುರೀತಾರ. ಖರೇನ ಪೊಲೀಸರಿಗೆ ಹಂಗ ಮುರಿಯೋ ಅಧಿಕಾರ ಅದಾ? ಒಂದೇ ಒದೆತಕ್ಕ ಬಾಗಿಲು ಬೀಳ್ತಾವಾ?
— ಓದುಗರು, ಹುಮನಾಬಾದ್

ಅಧಿಕಾರ ಇದೆ, ಆದರೆ ಮೊದಲು ಬಾಗಿಲು ತಟ್ಟಬೇಕು. ಬಂಧಿಸಬೇಕಾದ ವ್ಯಕ್ತಿ ಒಳಗಿದ್ದಾನೆಂದು ನಂಬಲು ಕಾರಣವಿದ್ದಾಗ ಪೊಲೀಸರು ತಾವು ಯಾರು, ಯಾಕೆ ಬಂದಿದ್ದೇವೆ ಎಂದು ತಿಳಿಸಿ, ಬಾಗಿಲು ತೆರೆಯಲು ಕೇಳಬೇಕು. ಕೇಳಿದರೂ ತೆರೆಯದಿದ್ದರೆ ಹೊರಬಾಗಿಲು, ಒಳಬಾಗಿಲು, ಕಿಟಕಿ ಯಾವುದನ್ನಾದರೂ ಒಡೆದು ಒಳಹೋಗಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 47ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 44ನೇ ಕಲಂ. ರೂಢಿಯಂತೆ ಪರದೆಯಲ್ಲಿರುವ ಹೆಣ್ಣುಮಗಳು ಆ ಕೋಣೆಯಲ್ಲಿದ್ದು, ಬಂಧಿಸಬೇಕಾದವಳು ಆಕೆ ಅಲ್ಲದಿದ್ದರೆ, ಹೊರಬರಲು ಆಕೆಗೆ ಹೇಳಿ ಅನುವು ಮಾಡಿಕೊಟ್ಟ ಮೇಲೆಯೇ ಒಳನುಗ್ಗಬೇಕು. ಧಾರಾವಾಹಿಯಲ್ಲಿ ಈ ಹಂತ ಕಾಣುವುದೇ ಅಪರೂಪ. ಹೊಸ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡುವುದೂ ಕಡ್ಡಾಯ. ಮೊಬೈಲಿನಲ್ಲಿ ಮಾಡಿದರೂ ನಡೆಯುತ್ತದೆ.

ಇನ್ನು ಒದೆತ. ಬಾಗಿಲು ಮುರಿಯಿತು ಎನ್ನುತ್ತೇವೆ, ಆದರೆ ಕದ ಮುರಿಯುವುದು ಕಡಿಮೆ. ಚಿಲಕದ ಕೊಂಡಿಯನ್ನು ಚೌಕಟ್ಟಿಗೆ ಹಿಡಿದಿಟ್ಟ ಸ್ಕ್ರೂಗಳು ಕಟ್ಟಿಗೆಯನ್ನು ಸೀಳಿಕೊಂಡು ಕಿತ್ತುಬರುತ್ತವೆ. ಅದಕ್ಕೇ ಒದೆತ ಬೀಳಬೇಕಾದದ್ದು ಕದದ ನಡುವಿಗಲ್ಲ, ಚಿಲಕದ ಪಕ್ಕಕ್ಕೆ, ಅದೂ ಹಿಮ್ಮಡಿಯಿಂದ. ನಡುವಿಗೆ ಒದ್ದರೆ ಹಲಗೆ ಬಾಗಿ ಪೆಟ್ಟನ್ನು ನುಂಗಿಬಿಡುತ್ತದೆ. ಭುಜದಿಂದ ಗುದ್ದುವುದು ನೋಡಲು ಚೆಂದ, ಆದರೆ ಬಲ ಅಗಲಕ್ಕೆ ಹರಡಿಹೋಗಿ ಬಾಗಿಲಿಗಿಂತ ಮೊದಲು ಭುಜದ ಕೀಲು ತಪ್ಪುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಎಷ್ಟು ಒದ್ದರೂ ಅದು ಚೌಕಟ್ಟಿನ ತೋಡಿಗೇ ಒತ್ತಿಕೊಳ್ಳುತ್ತದೆ. ಬೀದರಿನ ಹಳೆಯ ವಾಡೆಗಳ ಸಾಗವಾನಿ ಜೋಡಿ ಕದಕ್ಕೆ ಒಳಗಿಂದ ಅಡ್ಡ ಅಗುಳಿ ಹಾಕಿದ್ದರೆ ಕಾಲಿನ ಕೆಲಸ ಅಲ್ಲವೇ ಅಲ್ಲ, ಹಾರೆಯೇ ಬೇಕು. ಶೂಟಿಂಗಿಗೆ ಹಗುರಾದ ಪ್ಲೈವುಡ್ ಬಾಗಿಲು ಸಾಕಾಗುತ್ತದೆ.

ಆದರೂ ದಯಾನ ಒದೆತ ನಂಬಿಕೆ ಹುಟ್ಟಿಸುತ್ತದಲ್ಲ, ಅದಕ್ಕೆ ಕಾರಣವಿದೆ. ದಯಾನಂದ ಶೆಟ್ಟಿ ನಟನೆಗೆ ಬರುವ ಮೊದಲು ಡಿಸ್ಕಸ್ ಎಸೆಯುತ್ತಿದ್ದ ಕ್ರೀಡಾಪಟು. ಅವರು ಒದೆಯುವ ಮುಂಚಿನ ಅರೆಗಳಿಗೆ ನೋಡಿ: ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಮೈಭಾರ ಹಿಂಗಾಲಿಗೆ ಬರುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಕಾಲು ಏಳುತ್ತದೆ. ಬಲ ಸೊಂಟದಿಂದ ಹೊರಡಬೇಕೆಂಬುದು ಎಸೆತದ ಅಭ್ಯಾಸ ಇದ್ದವರ ಮೈಗೆ ಗೊತ್ತು. ಅಂದಹಾಗೆ, ಅವರ ಮೂಲ ನಮ್ಮ ಕರಾವಳಿಯ ಉಡುಪಿ ಜಿಲ್ಲೆ.

ನಮ್ಮ ಜಿಲ್ಲೆಯಲ್ಲಿ ‘ಎಸಿಪಿ’ ಯಾಕಿಲ್ಲ? ಕರ್ನಾಟಕದಲ್ಲೂ ಸಿಐಡಿ ಇದೆಯೇ?
— ಓದುಗರು, ಶಹಾಪುರ

ಎಸಿಪಿ ಹುದ್ದೆ ಇರುವುದು ಪೊಲೀಸ್ ಕಮಿಷನರೇಟ್ ಇರುವ ಊರಲ್ಲಿ. ಕಲಬುರಗಿ ನಗರದಲ್ಲಿ ಕಮಿಷನರೇಟ್ ಇದೆ, ಹಾಗಾಗಿ ಎಸಿಪಿ ಇದ್ದಾರೆ. ಯಾದಗಿರಿ, ಬೀದರ್‌ಗಳಲ್ಲಿ ಎಸ್‌ಪಿ ಕೈಕೆಳಗೆ ಅದೇ ದರ್ಜೆಯ ಅಧಿಕಾರಿ ಡಿವೈಎಸ್‌ಪಿ. ಕರ್ನಾಟಕದ ಸಿಐಡಿ ಕಚೇರಿ ಬೆಂಗಳೂರಿನ ಕಾರ್ಲ್‌ಟನ್ ಹೌಸ್‌ನಲ್ಲಿದೆ. ಅವರಿಗೆ ವಹಿಸಿದ ಪ್ರಕರಣಗಳನ್ನಷ್ಟೇ ಅವರು ನೋಡುತ್ತಾರೆ. ಮಹಾರಾಷ್ಟ್ರದ ಸಿಐಡಿ ಕೇಂದ್ರ ಪುಣೆಯಲ್ಲಿದೆ. ಧಾರಾವಾಹಿಯ ಕಥೆ ನಡೆಯುವ ಮುಂಬೈಯಲ್ಲಿ ಕೊಲೆಯಾದರೆ ಮೊದಲು ಬರುವುದು ಆ ಪ್ರದೇಶದ ಠಾಣೆಯವರು, ಆಮೇಲೆ ಕ್ರೈಂ ಬ್ರಾಂಚ್.

ಹೆಣ ನೋಡಿದ ಕೂಡಲೇ ಸಾಳುಂಖೆ ಅವರು ‘ರಾತ್ರಿ ಹತ್ತರಿಂದ ಹನ್ನೊಂದರ ನಡುವೆ ಸತ್ತಿದ್ದಾನೆ’ ಎನ್ನುತ್ತಾರೆ. ಅಷ್ಟು ಖಚಿತವಾಗಿ ಹೇಳಲು ಬರುತ್ತದೆಯೇ?
— ಓದುಗರು, ಜೇವರ್ಗಿ

ಬರುವುದಿಲ್ಲ, ಅದರಲ್ಲೂ ನಿಮ್ಮ ಜೇವರ್ಗಿಯ ಬೇಸಿಗೆಯಲ್ಲಿ ಸಾಧ್ಯವೇ ಇಲ್ಲ. ವೈದ್ಯರು ನೋಡುವುದು ಮುಖ್ಯವಾಗಿ ಮೂರು ಗುರುತು. ಮೊದಲನೆಯದು ಮೈಕಾವು ಇಳಿಯುವುದು. ಬದುಕಿದ ಮೈ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಸತ್ತ ಮೇಲೆ ಸುತ್ತಲಿನ ಗಾಳಿಯ ಮಟ್ಟಕ್ಕೆ ಇಳಿಯುತ್ತ ಬರುತ್ತದೆ. ಆದರೆ ಮೇ ತಿಂಗಳ ಮಧ್ಯಾಹ್ನ ಕಲಬುರಗಿ ಸೀಮೆಯ ಗಾಳಿಯೇ 42 ಡಿಗ್ರಿ ಇರುತ್ತದೆ. ತಗಡಿನ ಶೆಡ್ಡಿನಲ್ಲಿ ಬಿದ್ದ ದೇಹ ತಣ್ಣಗಾಗುವ ಬದಲು ಇನ್ನಷ್ಟು ಬಿಸಿಯಾಗಬಹುದು. ಅಲ್ಲಿ ಥರ್ಮಾಮೀಟರ್ ಹಿಡಿದು ಲೆಕ್ಕ ಹಾಕಿದರೆ ಲೆಕ್ಕವೇ ತಿರುಗುಮುರುಗು.

ಎರಡನೆಯದು ಮೈ ಸೆಟೆಯುವುದು. ಕಣ್ಣೆವೆ, ದವಡೆಯಿಂದ ಶುರುವಾಗಿ ಕೆಳಗಿಳಿಯುತ್ತದೆ. ಹಿಡಿಯಲು ಹನ್ನೆರಡು ಗಂಟೆ, ಇರಲು ಹನ್ನೆರಡು, ಬಿಡಲು ಹನ್ನೆರಡು ಎಂಬುದು ವಿದ್ಯಾರ್ಥಿಗಳು ನೆನಪಿಡುವ ಮೋಟಾ ಲೆಕ್ಕ. ಬಿಸಿಲಿನಲ್ಲಿ ಇದೆಲ್ಲ ಬೇಗ ಬಂದು ಬೇಗ ಹೋಗುತ್ತದೆ, ಚಳಿಯಲ್ಲಿ ಎಳೆದಾಡುತ್ತದೆ. ಸಾಯುವ ಮುನ್ನ ಓಡಿದ್ದರೆ, ಹೊಡೆದಾಡಿದ್ದರೆ ಇನ್ನೂ ಬೇಗ.

ಮೂರನೆಯದನ್ನು ಧಾರಾವಾಹಿ ಚೆನ್ನಾಗಿ ಬಳಸಿಕೊಂಡಿದೆ. ಉಸಿರು ನಿಂತ ಮೇಲೆ ರಕ್ತ ಕೆಳಭಾಗಕ್ಕೆ ಇಳಿದು ಚರ್ಮದ ಮೇಲೆ ನೇರಳೆ ಕಲೆ ಮೂಡುತ್ತದೆ. ಸುಮಾರು ಆರರಿಂದ ಹನ್ನೆರಡು ಗಂಟೆಯಲ್ಲಿ ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಅಂಗಾತ ಬಿದ್ದ ದೇಹದ ಎದೆಯ ಮೇಲೆ ಆ ಕಲೆ ಕಂಡರೆ, ಮೊದಲು ಬೋರಲು ಬಿದ್ದಿದ್ದ ದೇಹವನ್ನು ತಡವಾಗಿ ಯಾರೋ ತಿರುಗಿಸಿದ್ದಾರೆ ಎಂದರ್ಥ. ಹೆಣವನ್ನು ಬೇರೆ ಕಡೆಯಿಂದ ತಂದು ಹಾಕಿದ್ದಾರೆ ಎಂದು ಸಾಳುಂಖೆ ಹೇಳುವಾಗ ಅದರ ಹಿಂದೆ ಇಂಥ ನಿಜವಾದ ಶಾಸ್ತ್ರವೇ ಇದೆ. ಹೊಟ್ಟೆಯಲ್ಲಿನ ಊಟದಿಂದಲೂ ಅಂದಾಜು ಸಿಗುತ್ತದೆ, ಆದರೆ ಜೋಳದ ರೊಟ್ಟಿಯ ಭಾರಿ ಊಟ ಕರಗಲು ನಾಲ್ಕರಿಂದ ಆರು ಗಂಟೆ ಹಿಡಿಯಬಹುದು, ಹೆದರಿದವರಲ್ಲಿ ಇನ್ನೂ ಹೆಚ್ಚು. ಎಲ್ಲವನ್ನೂ ಕೂಡಿಸಿ ಪ್ರಾಮಾಣಿಕ ವೈದ್ಯರು ಹಲವು ಗಂಟೆಗಳ ಅಂತರವನ್ನಷ್ಟೇ ಬರೆಯುತ್ತಾರೆ.

ಸಾಳುಂಖೆ ಅವರ ಲ್ಯಾಬಿನಾಗ ಬಣ್ಣದ ನೀರು ಕಲಸಿದ ಕೂಡ್ಲೇ ರಿಪೋರ್ಟ್ ಬರ್ತದ. ನಮ್ಮ ಕಡಿ ಸ್ಯಾಂಪಲ್ ಎಲ್ಲಿಗೆ ಹೋಗ್ತಾವ್ರೀ?
— ಓದುಗರು, ಭಾಲ್ಕಿ

ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದ್ದು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ಹೊಸ ಸಂಹಿತೆಯ 176ನೇ ಕಲಂ ಹೇಳುತ್ತದೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಲ್ಯಾಬಿಗೆ ಮುಟ್ಟುವ ಮೊದಲೇ. ರಕ್ತ ಹತ್ತಿದ ಬಟ್ಟೆಯನ್ನು ನೆರಳಲ್ಲಿ ಆರಿಸಿ ಕಾಗದದ ಕವರಿನಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಪಸೆ ನಿಂತು ಬೂಷ್ಟು ಬರುತ್ತದೆ, ಡಿಎನ್‌ಎ ಹಾಳಾಗುತ್ತದೆ. ಬಿಸಿಲಿಗೆ ಒಣಹಾಕಿದರೂ ಅದೇ ಗತಿ. ಧಾರಾವಾಹಿಯಲ್ಲಿ ಎಲ್ಲವೂ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹೋಗುತ್ತವೆ, ಒಳಗಿನದು ನಮಗೆ ಕಾಣಲೆಂದು.

ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಕುಡಿದ ಅನುಮಾನವಿದ್ದರೆ ಜಠರವನ್ನು ಒಳಗಿನದರ ಸಮೇತ, ಸಣ್ಣ ಕರುಳಿನ ಸುಮಾರು 30 ಸೆಂಟಿಮೀಟರ್ ತುಂಡನ್ನು ಒಂದು ಬಾಟಲಿಯಲ್ಲಿ, ಯಕೃತ್ತಿನ ಅರ್ಧ ಕಿಲೋದಷ್ಟನ್ನು ಮತ್ತು ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗವನ್ನು ಇನ್ನೊಂದರಲ್ಲಿ ಇಡುತ್ತಾರೆ. ಮೇಲೆ ಉಪ್ಪು ಇನ್ನು ಕರಗದಷ್ಟು ಗಟ್ಟಿಯಾದ ಉಪ್ಪುನೀರು. ತೆಳು ಉಪ್ಪುನೀರಾದರೆ ಅಂಗಾಂಗ ಕೊಳೆಯುತ್ತವೆ. ಬಾಟಲಿಯ ಮೂರನೇ ಎರಡು ಭಾಗ ಮಾತ್ರ ತುಂಬಬೇಕು. ಅನಿಲಕ್ಕೆ ಜಾಗವಿಲ್ಲದಿದ್ದರೆ ಮುಚ್ಚಳ ಸಿಡಿಯುತ್ತದೆ. ಮೊಹರು ಒಡೆದು ಬಂದ ಬಾಟಲಿಯನ್ನು ಕೋರ್ಟಿನಲ್ಲಿ ಎದುರು ವಕೀಲರು ಸುಮ್ಮನೆ ಬಿಡುವುದಿಲ್ಲ.

ಕೊನೆಗೆ ಎಸಿಪಿ ಒಂದು ಏಟು ಹಾಕಿದರೆ ಆರೋಪಿ ಎಲ್ಲ ಒಪ್ಪಿಕೊಳ್ಳುತ್ತಾನೆ. ‘ನಿನಗೆ ಗಲ್ಲು’ ಎಂದೂ ಅವರೇ ಹೇಳಿಬಿಡುತ್ತಾರೆ. ಇದು ನಡೆಯುತ್ತದೆಯೇ?
— ಓದುಗರು, ಸುರಪುರ

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಮ್ಯಾಜಿಸ್ಟ್ರೇಟರ ಮುಂದೆ, ‘ನೀನು ಹೇಳಲೇಬೇಕೆಂದಿಲ್ಲ’ ಎಂದು ಅವರು ಎಚ್ಚರಿಸಿದ ಮೇಲೆ ಹೇಳಿದ್ದಕ್ಕೆ ಬೆಲೆ. ಆರೋಪಿ ಕೊಟ್ಟ ಮಾಹಿತಿಯಿಂದ ಚಾಕು ಸಿಕ್ಕರೆ, ಆ ಸಿಕ್ಕಿದ್ದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಹೊಡೆಯುವುದು ಅಪರಾಧ. ಮಂಪರು ಪರೀಕ್ಷೆಯನ್ನೂ ಒತ್ತಾಯದಿಂದ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಆ ಪ್ರಕರಣ ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ. ಗಲ್ಲೋ ಜೀವಾವಧಿಯೋ ಎಂಬುದು ನ್ಯಾಯಾಧೀಶರ ಮಾತು. ಏಟಿನ ದೃಶ್ಯಗಳನ್ನು ಮಕ್ಕಳ ಜೊತೆ ಕೂತು ನೋಡುವವರು ಇಷ್ಟನ್ನು ಅವರಿಗೆ ಹೇಳಿದರೆ ಒಳ್ಳೆಯದು.

ಕೊಲೆ ತನಿಖೆಯಲ್ಲಿ ಫ್ರೆಡ್ರಿಕ್ಸ್ ಅವರ ಹಾಸ್ಯ ಬೇಕಿತ್ತೇ?
— ಓದುಗರು, ಬಸವಕಲ್ಯಾಣ

ಬೇಕೇ ಬೇಕಿತ್ತು. ಸುಳಿವು ಮೇಲಿಂದ ಮೇಲೆ ಬಂದಾಗ ನೋಡುವವರಿಗೆ ಅದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಫ್ರೆಡ್ರಿಕ್ಸ್ ಬಂದು ಪೆದ್ದುಪೆದ್ದಾಗಿ ಒಂದು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಕೂತ ನಮಗೂ ಅದೇ ಅನುಮಾನ ಇರುತ್ತದೆ. ಫ್ರೆಡ್ರಿಕ್ಸ್‌ಗೆ ಅಭಿಜೀತ್ ತಿಳಿಹೇಳುವ ನೆಪದಲ್ಲಿ ಕಥೆ ನಮಗೂ ತಿಳಿಯುತ್ತದೆ. ದಿನೇಶ್ ಫಡ್ನಿಸ್ 2023ರ ಡಿಸೆಂಬರ್ 5ರಂದು ತೀರಿಕೊಂಡರು. ಹೊಸ ಕಂತುಗಳಲ್ಲಿ ಪ್ರಶ್ನೆ ಕೇಳುವ ಆ ಜಾಗ ಖಾಲಿಯಾಗಿಯೇ ಇದೆ, ನಮಗಂತೂ ಅದು ಪ್ರತಿ ಕಂತಿನಲ್ಲೂ ಕಾಣುತ್ತದೆ.

ಕೊಲೆಗಾರ ಯಾರಂತ ಮೊದಲೇ ಕಂಡುಹಿಡಿಯೋದು ಹ್ಯಾಂಗ್ರೀ?
— ಓದುಗರು, ಗುರುಮಠಕಲ್

ಮೊದಲ ಹದಿನೈದು ನಿಮಿಷದಲ್ಲಿ ಸಿಕ್ಕಿಬೀಳುವವನನ್ನು ಬಿಟ್ಟುಬಿಡಿ. ಓಡಿಹೋಗುವವನಿಗೆ ಹೆಚ್ಚಾಗಿ ಬೇರೆ ಯಾವುದೋ ಸಣ್ಣ ತಪ್ಪು ಇರುತ್ತದೆ. ಕೇಳದಿದ್ದರೂ ಸಹಾಯಕ್ಕೆ ಬರುವವರ ಮೇಲೆ, ಕಥೆಗೆ ಬೇಕಿಲ್ಲದಿದ್ದರೂ ಎರಡನೇ ಸಲ ಕಾಣಿಸಿಕೊಳ್ಳುವ ನೌಕರ, ನೆರೆಯವ, ಸ್ನೇಹಿತನ ಮೇಲೆ ಕಣ್ಣಿಡಿ. ಪೊಲೀಸರು ಹೇಳದಿದ್ದ ಒಂದು ವಿವರ, ಚಾಕು ಎಂಬುದೋ ಕೋಣೆಯ ಹೆಸರೋ, ಯಾರ ಬಾಯಿಂದ ಜಾರುತ್ತದೆ ಎಂದು ಕೇಳಿಸಿಕೊಳ್ಳಿ. ಆಗ ಅಭಿಜೀತ್ ಮುಖ ನೋಡಿ. ಆದಿತ್ಯ ಶ್ರೀವಾಸ್ತವ ರಂಗಭೂಮಿಯಿಂದ ಬಂದವರು, ಮಾತಿಲ್ಲದಾಗಲೂ ಕೇಳಿಸಿಕೊಳ್ಳುವ ನಟ. ಎಸಿಪಿ ತಮ್ಮ ರೂಢಿಯಂತೆ ಬೆರಳು ತಿರುಗಿಸಲು ಶುರು ಮಾಡುವ ಮೊದಲೇ ಅವರ ಕಣ್ಣು ಆ ವ್ಯಕ್ತಿಯ ಮೇಲೆ ಒಂದು ಕ್ಷಣ ಹೆಚ್ಚು ನಿಂತಿರುತ್ತದೆ.