ಸುಳಿವು ಬಿಡಿಸೋಣ ಬನ್ನಿ: ಗೂಢ ಪದಬಂಧದ ಪ್ರಶ್ನೋತ್ತರ

ಪ್ರಶ್ನೆ: ಪೇಪರಿನಲ್ಲಿ ಬರುವ ಮಾಮೂಲಿ ಪದಬಂಧ ಸಲೀಸಾಗಿ ತುಂಬುತ್ತೇನೆ. ಗೂಢ ಪದಬಂಧ ಮಾತ್ರ ತಲೆಗೇ ಹೋಗಲ್ಲ. ಮಾರನೇ ದಿನ ಉತ್ತರ ನೋಡಿದರೂ ಅದು ಹೇಗೆ ಬಂತು ಅಂತ ತಿಳಿಯಲ್ಲ. ಉದಾಹರಣೆಗೆ, ‘ನಕ್ಷತ್ರದ ನಡುವೆ ವಸಂತದ ಮೊದಲು ಅರಳಿದ ಹೂ (3)’. ಉತ್ತರ ತಾವರೆಯಂತೆ. ಹೂವೇನೋ ಸರಿ, ಆದರೆ ತಾವರೆಯೇ ಯಾಕೆ? ಮಲ್ಲಿಗೆ ಯಾಕಲ್ಲ?

ಉತ್ತರ: ಒಳ್ಳೆ ಸುಳಿವನ್ನೇ ಕಳಿಸಿದ್ದೀರಿ. ಮೊದಲು ಆ ವಾಕ್ಯ ಹೇಳುವ ಕಥೆಯನ್ನು ಮರೆತುಬಿಡಿ. ಆಕಾಶ, ನಕ್ಷತ್ರ, ವಸಂತಕಾಲ, ಅರಳುತ್ತಿರುವ ಹೂ ಅಂತ ಕಣ್ಣ ಮುಂದೆ ಒಂದು ಚಿತ್ರ ಬರುತ್ತದಲ್ವಾ, ಬರೆದವರು ಅದನ್ನು ಬೇಕಂತಲೇ ಇಟ್ಟಿರುತ್ತಾರೆ, ನೀವು ಅದರ ಹಿಂದೆ ಹೋಗಿ ದಾರಿ ತಪ್ಪಲಿ ಅಂತ. ಗೂಢ ಸುಳಿವಿನಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ. ಒಂದು ಉತ್ತರದ ನೇರ ಅರ್ಥ. ಇದು ವಾಕ್ಯದ ಶುರುವಿನಲ್ಲಿರುತ್ತದೆ, ಇಲ್ಲವೇ ಕೊನೆಯಲ್ಲಿ. ನಡುವೆ ಹುಡುಕಬೇಡಿ. ಉಳಿದದ್ದು ಅಕ್ಷರ ಕೂಡಿಸಿ ಅದೇ ಉತ್ತರವನ್ನು ಇನ್ನೊಂದು ದಾರಿಯಲ್ಲಿ ಕಟ್ಟುವ ಆಟ.

ಇಲ್ಲಿ ‘ಅರಳಿದ ಹೂ’ ಅನ್ನುವುದು ಅರ್ಥ. ಆಟ ಅದರ ಹಿಂದಿದೆ. ‘ವಸಂತದ ಮೊದಲು’ ಅನ್ನುವುದನ್ನು ನೀವು ವಸಂತ ಬರುವ ಮುಂಚೆ ಅಂತ ಓದಿದ್ದೀರಿ, ಎಲ್ಲರೂ ಹಾಗೇ ಓದುತ್ತಾರೆ. ಆದರೆ ವಸಂತ ಅನ್ನುವ ಪದದಲ್ಲಿ ಮೊದಲು ಬರುವುದೇನು? ‘ವ’. ನಕ್ಷತ್ರಕ್ಕೆ ಇನ್ನೊಂದು ಹೆಸರು ತಾರೆ. ತಾರೆಯ ನಡುವೆ ‘ವ’ ಕೂರಿಸಿ. ತಾ, ವ, ರೆ. ಮೂರಕ್ಷರ, ಲೆಕ್ಕ ಸರಿಹೋಯಿತು. ಮಲ್ಲಿಗೆಗೂ ಮೂರಕ್ಷರವೇ, ಅದೂ ಹೂವೇ, ಆದರೆ ನಕ್ಷತ್ರಕ್ಕೂ ವಸಂತಕ್ಕೂ ಅಲ್ಲಿ ಕೆಲಸವಿಲ್ಲ. ಸುಳಿವಿನ ಯಾವುದಾದರೂ ಪದ ಸುಮ್ನೆ ಉಳಿದುಹೋದರೆ ನೀವು ಬರೆದ ಉತ್ತರ ತಪ್ಪಿರಬೇಕು, ಇಲ್ಲ ಸುಳಿವೇ ಕೆಟ್ಟದ್ದಿರಬೇಕು.

ಹಾಗಾಗಿ ಉತ್ತರ ಹೊಳೆದ ಕೂಡಲೇ ಪೆನ್ನು ಎತ್ತಬೇಡಿ. ಸುಳಿವಿನ ಒಂದೊಂದು ಪದಕ್ಕೂ ಏನು ಕೆಲಸ ಅಂತ ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿಕೊಳ್ಳಿ. ಹೇಳಲು ಬಂದರೆ ಬರೆಯಿರಿ. ಬರದಿದ್ದರೆ ಅದು ಇನ್ನೂ ಬರೀ ಊಹೆ.

ಪ್ರಶ್ನೆ: ಅಕ್ಷರದ ಆಟಗಳಲ್ಲಿ ಎಷ್ಟು ಬಗೆ? ಎಲ್ಲಿ ಯಾವುದಿದೆ ಅಂತ ಗೊತ್ತಾಗುವುದು ಹೇಗೆ?

ಉತ್ತರ: ಬಗೆಗಳು ತುಂಬಾ ಇವೆ, ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುವುದು ಬೇಡ. ಸುಳಿವಿನಲ್ಲೇ ಒಂದು ಪದ ನಿಮಗೆ ಕೆಲಸ ಹೇಳುತ್ತಿರುತ್ತದೆ, ಅದನ್ನು ಹಿಡಿದರೆ ಸಾಕು. ‘ಸಾವಿರ ಸಲದ ಒಳಗೆ ಮನಸ್ತಾಪ (3)’ ನೋಡಿ. ‘ಒಳಗೆ’ ಅಂದಿದ್ದಾರಲ್ಲ, ಒಳಗೇ ಹುಡುಕಿ. ಸಾ-ವಿ-ರ-ಸ-ಲ. ಪದಗಳ ನಡುವಿನ ಜಾಗ ಮರೆತು ಓದಿದರೆ ‘ವಿರಸ’ ಅಲ್ಲೇ ಕೂತಿದೆ! ‘ಹೊಳೆ ಹಿಂದಕ್ಕೆ ಹರಿದರೆ ದಿವಸ (2)’ ಅಂದರೆ ನದಿಯನ್ನು ತಿರುಗಿಸಿ, ದಿನ ಸಿಗುತ್ತದೆ. ‘ಅರಸನ ತಲೆ ಹೋದರೆ ಸಾರ (2)’ ಅಂದರೆ ಅರಸದ ಮೊದಲಕ್ಷರ ಹೋಗಿ ರಸ ಉಳಿಯಿತು. ಕೆಲವೊಮ್ಮೆ ಇಂಥ ಆಜ್ಞೆಯೇ ಇರುವುದಿಲ್ಲ, ಚೂರುಗಳನ್ನು ಒಂದರ ಹಿಂದೆ ಒಂದು ಇಡಬೇಕು ಅಷ್ಟೇ. ‘ಹಸುವಿನ ಬೆನ್ನಿಗೇ ಊರು, ಗುಡಿಯ ತಲೆಯ ಮೇಲೆ (3)’. ಹಸು ಅಂದರೆ ಗೋ, ಊರು ಅಂದರೆ ಪುರ. ಗೋಪುರ.

ಪ್ರಶ್ನೆ: ‘ಗಂಡ ಕಂಗಾಲಾದಾಗ ಬಂದ ಸಾವು (3)’. ಉತ್ತರ ಮರಣ. ‘ಕಂಗಾಲು’ ಅಂದರೆ ಅಕ್ಷರ ಕಲಸಬೇಕು ಅಂತ ಗೊತ್ತು. ಆದರೆ ‘ಗಂಡ’ ಕಲಸಿದರೆ ಮರಣ ಹೇಗೆ ಬರುತ್ತೆ?

ಉತ್ತರ: ಬರುವುದಿಲ್ಲ. ಗಂಡನಿಗೆ ರಮಣ ಅಂತ ಇನ್ನೊಂದು ಪದ ಇದೆ, ರಮಣದ ಅಕ್ಷರ ಅದಲುಬದಲು ಮಾಡಿದರೆ ಮರಣ. ಲೆಕ್ಕಕ್ಕೆ ಸರಿ, ನನ್ನ ಪ್ರಕಾರ ನ್ಯಾಯ ಅಲ್ಲ. ಕಲಸಬೇಕಾದ ಅಕ್ಷರಗಳು ಓದುವವರ ಕಣ್ಣಿಗೆ ಕಾಣಬೇಕು. ‘ರಮಣ ಕಂಗಾಲಾದಾಗ ಬಂದ ಸಾವು’ ಅಂತ ಬರೆದಿದ್ದರೆ ಚೆನ್ನಾದ ಸುಳಿವಾಗುತ್ತಿತ್ತು.

ಹಾಗಾದರೆ ಹೊಳೆಯನ್ನು ನದಿ ಮಾಡಿಕೊಂಡು ತಿರುಗಿಸಿದ್ದು ಸರಿನಾ ಅಂತ ನೀವು ಕೇಳಬಹುದು. ಅದು ಸರಿ. ಒಂದು ಪದವನ್ನು ಹಿಂದುಮುಂದು ಮಾಡಲು ಇರುವುದು ಒಂದೇ ದಾರಿ. ಕಲಸುವುದು ಹಾಗಲ್ಲ, ಮೂರಕ್ಷರವನ್ನು 6 ಬಗೆಯಲ್ಲಿ ಜೋಡಿಸಬಹುದು, ನಾಲ್ಕಕ್ಷರವನ್ನು 24 ಬಗೆಯಲ್ಲಿ. ಗಂಡ ಅನ್ನುವುದಕ್ಕೆ ಪತಿ, ವಲ್ಲಭ, ಯಜಮಾನ, ರಮಣ ಅಂತ ಒಂದೊಂದೇ ನೆನಪಿಸಿಕೊಂಡು, ಮೇಲೆ ಅದನ್ನು ಇಷ್ಟು ಬಗೆಯಲ್ಲಿ ಕಲಸಿ ನೋಡು ಅನ್ನುವುದು ಓದುಗರನ್ನು ಸುಮ್ನೆ ಗೋಳು ಹೊಯ್ದುಕೊಂಡ ಹಾಗೆ. ಜಾಣತನ ಅಲ್ಲ ಅದು.

ಇನ್ನೊಂದು ಮಾತು. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. ‘ಟ್ಟು’ ಅನ್ನುವುದನ್ನು ಬಿಡಿಸಿ ಬೇರೆ ಕಡೆ ಇಡಲು ಆಗುವುದಿಲ್ಲ. ಅದಕ್ಕೇ ಇಂಗ್ಲಿಷ್ ಪದಬಂಧದಷ್ಟು ಕಲಸುವ ಆಟ ನಮ್ಮಲ್ಲಿ ನಡೆಯಲ್ಲ. ಕೂಡಿಸುವುದು, ಅಡಗಿಸುವುದು, ತಿರುಗಿಸುವುದು ಇವೇ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತವೆ.

ಪ್ರಶ್ನೆ: ‘ನಡೆಯಲು ಬೇಕಾದದ್ದು ನಾಲ್ಕರಲ್ಲೊಂದು ಪಾಲು (2)’. ನಾನು ಪಾದ ಅಂತ ಬರೆದೆ. ಉತ್ತರ ಕಾಲು ಅಂತ ಬಂತು. ನನ್ನದು ತಪ್ಪಾ?

ಉತ್ತರ: ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಇದು ಒಂದೇ ಉತ್ತರಕ್ಕೆ ಎರಡು ಅರ್ಥ ಕೊಡುವ ಬಗೆ. ಕಾಲು ನಡೆಯಲೂ ಬೇಕು, ಕಾಲು ಅಂದರೆ ನಾಲ್ಕನೇ ಒಂದು ಭಾಗವೂ ಹೌದು. ಆದರೆ ಪಾದಕ್ಕೂ ಆ ಎರಡೂ ಅರ್ಥ ಇವೆ, ನಿಘಂಟು ತೆಗೆದು ನೋಡಿ. ಇಂಥ ಕಡೆ ತೀರ್ಪು ಕೊಡುವುದು ಅಡ್ಡ ಹಾಯುವ ಪದಗಳು. ಮೇಲಿನಿಂದ ಕೆಳಕ್ಕೆ ಬರುವ ಪದ ಆ ಮನೆಯಲ್ಲಿ ‘ಲು’ ಕೇಳುತ್ತದೋ ‘ದ’ ಕೇಳುತ್ತದೋ ನೋಡಿಕೊಂಡೇ ತುಂಬಬೇಕು, ಅಲ್ಲಿಯವರೆಗೆ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಬರೆದಿಡಿ. ಎರಡೂ ಮನೆಗಳ ಮೇಲೆ ಇನ್ನೊಂದು ಪದ ಹಾಯದೇ ಇದ್ದರೆ ಮಾತ್ರ ತಪ್ಪು ಪದಬಂಧ ಮಾಡಿದವರದು.

ಪ್ರಶ್ನೆ: ‘ಬಂಡೆ ಮಾರುವ ಮಳಿಗೆಯಲ್ಲಿ ಹಣ್ಣು (4)’ಕ್ಕೆ ಕಲ್ಲಂಗಡಿ ಉತ್ತರ. ಕಲ್ಲು, ಅಂಗಡಿ ಎರಡನ್ನೂ ಕೂಡಿಸುವಾಗ ‘ಉ’ ಹೋಯಿತಲ್ಲ, ಅದನ್ನು ಸುಳಿವಿನಲ್ಲಿ ಹೇಳಬೇಡವೇ?

ಉತ್ತರ: ಬೇಡ ಅಂತ ನನ್ನ ಅಭಿಪ್ರಾಯ. ಲೋಪಸಂಧಿ ನಾವು ಮಾತಾಡುವಾಗ ತಾನಾಗಿ ಆಗುವಂಥದ್ದು, ಅದನ್ನು ಯಾರೂ ಎಚ್ಚರಿಸಬೇಕಾಗಿಲ್ಲ. ವಿಭಕ್ತಿ ಪ್ರತ್ಯಯದ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಆಟದ ಭಾಗದಲ್ಲಿ ‘ನಕ್ಷತ್ರದ’, ‘ವಸಂತದ’ ಅಂತ ಬಂದರೆ ಪ್ರತ್ಯಯ ಕಳಚಿ ಓದಬಹುದು, ಅದಿಲ್ಲದೆ ಕನ್ನಡದಲ್ಲಿ ವಾಕ್ಯವೇ ಕೂರಲ್ಲ. ಅರ್ಥದ ಭಾಗದಲ್ಲಿ ಹಾಗಲ್ಲ. ಅಲ್ಲಿ ‘ಹೂವಿಗೆ’ ಅಂತಿದ್ದರೆ ಉತ್ತರ ‘ತಾವರೆಗೆ’ ಆಗಬೇಕೇ ಹೊರತು ತಾವರೆ ಆಗಬಾರದು.

ಪ್ರಶ್ನೆ: ಈ ನಿಯಮಗಳನ್ನೆಲ್ಲ ಮಾಡಿದವರು ಯಾರು?

ಉತ್ತರ: ಒಬ್ಬರಲ್ಲ. ಮೊದಲ ಪದಬಂಧವನ್ನು ಆರ್ಥರ್ ವಿನ್ ಅನ್ನುವವರು 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಹಾಕಿದರು, ಅದರಲ್ಲಿ ಬರೀ ನೇರ ಸುಳಿವುಗಳು. ಗೂಢ ಸುಳಿವು ಬೆಳೆದದ್ದು ಬ್ರಿಟನ್ನಿನಲ್ಲಿ. 1926ರಿಂದ ಅಬ್ಸರ್ವರ್ ಪತ್ರಿಕೆಯಲ್ಲಿ ಟಾರ್ಕಮಾಡಾ ಅನ್ನುವ ಹೆಸರಿನಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಪೂರ್ತಿ ಗೂಢವಾದ ಪದಬಂಧ ಮಾಡುತ್ತಿದ್ದರು, ಬಲು ಕಷ್ಟದವು. 1939ರಲ್ಲಿ ಅವರ ಜಾಗಕ್ಕೆ ಬಂದ ಮ್ಯಾಕ್ನಟ್, ಸುಳಿವು ಎಷ್ಟೇ ಕಷ್ಟವಿದ್ದರೂ ನ್ಯಾಯವಾಗಿರಬೇಕು ಅಂತ ಹಟ ಹಿಡಿದವರು. 1966ರಲ್ಲಿ ಅದನ್ನೆಲ್ಲ ಪುಸ್ತಕವಾಗಿಯೂ ಬರೆದಿಟ್ಟರು. ಅವರು ಹಾಕಿದ ಗೆರೆಯನ್ನು ಎಲ್ಲರೂ ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ.

ಪ್ರಶ್ನೆ: ನಡುವೆ ಸಿಕ್ಕಿಕೊಂಡಾಗ ನಿಘಂಟು, ಮೊಬೈಲ್ ನೋಡಬಹುದಾ?

ಉತ್ತರ: ಧಾರಾಳವಾಗಿ ನೋಡಿ. ಹೊಸಬರಾದರೆ ಉತ್ತರವನ್ನೇ ನೋಡಿ, ಆಮೇಲೆ ಸುಳಿವಿಗೆ ವಾಪಸ್ ಬಂದು ಅದು ಹೇಗೆ ಬಂತು ಅಂತ ಬಿಡಿಸಿ. ಬಿಡಿಸಲು ಬಾರದವನ್ನು ನಮಗೆ ಕಳಿಸಿ, ಸುಳಿವನ್ನು ಒಂದಕ್ಷರವೂ ಬಿಡದೆ ಹಾಗೆ ಹಾಗೇ ಬರೆದು, ಕಂಸದಲ್ಲಿರುವ ಅಂಕಿಯನ್ನೂ ಸೇರಿಸಿ.